ಕೈಗಡದ ಲೆಕ್ಕ ಕೇಳುವ ಕಂಪೈಲರ್

ಟರ್ಬೋ ಸಿಯ ನೀಲಿ ಪರದೆ ಮುಂದೆ ಕೂತು ಪಾಯಿಂಟರ್ (ಮೆಮೊರಿಯ ವಿಳಾಸ) ಕಲಿತವನು ನಾನು. ಆಮೇಲೆ ಹನ್ನೆರಡು ವರ್ಷ ಅದೇ ಸಿ ಭಾಷೆ ಅನ್ನ ಹಾಕಿದೆ. ಹಾಗಾಗಿ ಕಳೆದ ವರ್ಷ ಆಫೀಸಿನಲ್ಲಿ "ಇನ್ಮೇಲೆ ಹೊಸ ಮಾಡ್ಯೂಲ್ ಎಲ್ಲ ರಸ್ಟ್ ಭಾಷೆಯಲ್ಲೇ" ಅಂದಾಗ ಮೈ ಉರಿದುಹೋಯಿತು. ಮೊದಲ ವಾರವಂತೂ ಬರೀ ಬೈಸಿಕೊಂಡಿದ್ದೇ. ನಾನು ಒಂದು ಸಾಲು ಬರೆದರೆ ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ, ಹತ್ತು ಸಾಲು ತಕರಾರು ತೆಗೆಯುತ್ತಿತ್ತು.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಸಿ ಭಾಷೆಯಲ್ಲಿ ಮೆಮೊರಿಯ ಕಥೆ ಅದೇ. ಒಂದು ಫಂಕ್ಷನ್ ಮೆಮೊರಿ ತರುತ್ತದೆ, ಇನ್ನೊಂದು ಬಳಸುತ್ತಿರುತ್ತದೆ, ಅಷ್ಟರಲ್ಲಿ ಮೂರನೆಯದು ಅದನ್ನು ಫ್ರೀ ಮಾಡಿ, ಅಂದರೆ ವಾಪಸ್ ಬಿಟ್ಟುಕೊಟ್ಟು, ಹೋಗಿರುತ್ತದೆ. ಮಾಲೀಕ ಯಾರು ಅಂತ ಕೇಳುವವರಿಲ್ಲ. ರಸ್ಟ್ ಇಲ್ಲಿ ಖಾತೆ ಪುಸ್ತಕ ಹಿಡಿದು ಕೂರುತ್ತದೆ. ಪ್ರತಿ ಮೌಲ್ಯಕ್ಕೂ ಒಬ್ಬನೇ ಮಾಲೀಕ. ಓದೋದಕ್ಕೆ ಎಷ್ಟು ಜನಕ್ಕೆ ಬೇಕಾದರೂ ಕೈಗಡ ಕೊಡಿ. ತಿದ್ದೋದಕ್ಕೆ ಆದರೆ ಒಬ್ಬನಿಗೆ ಮಾತ್ರ, ಅದೂ ಬೇರೆ ಯಾರೂ ಓದುತ್ತಿರದಾಗ. ಲೆಕ್ಕ ತಾಳೆಯಾಗದಿದ್ದರೆ ಕಂಪೈಲ್ ಆಗೋದೇ ಇಲ್ಲ.

ಈ ಭಾಷೆ ಹುಟ್ಟಿದ್ದೂ ಇಂಥ ಸಿಟ್ಟಿನಿಂದಲೇ. 2006ರಲ್ಲಿ ವ್ಯಾಂಕೂವರ್‌ನ ಗ್ರೇಡನ್ ಹೋರ್ ಎಂಬ ಪ್ರೋಗ್ರಾಮರ್ ಮನೆಗೆ ಬಂದರೆ ಲಿಫ್ಟ್ ಕೆಟ್ಟಿತ್ತು, ಅದರ ಸಾಫ್ಟ್‌ವೇರ್ ಕ್ರ್ಯಾಶ್ ಆಗಿತ್ತು. ಮನೆ 21ನೇ ಮಹಡಿಯಲ್ಲಿ! ಆ ಸಿಟ್ಟಿಗೆ ಅವರು ಕಟ್ಟತೊಡಗಿದ ಭಾಷೆಯೇ ರಸ್ಟ್.

ನನ್ನ ಪಾಲಿಗೂ ಒಂದು ಲಿಫ್ಟ್ ಇತ್ತು. ಫ್ರೀ ಮಾಡಿದ ಮೆಮೊರಿಯನ್ನು ಮತ್ತೆ ಮುಟ್ಟುತ್ತಿದ್ದ ಒಂದು ಬಗ್. ಗ್ರಾಹಕರ ಹತ್ತಿರ ಮಾತ್ರ ಕ್ರ್ಯಾಶ್, ನಮ್ಮ ಲ್ಯಾಬ್‌ನಲ್ಲಿ ಸಾಧು. ಪತ್ತೆಗೆ ಅಂತ ಲಾಗ್ (ಪ್ರೋಗ್ರಾಂ ನಡೆದ ದಾಖಲೆ) ಹಾಕಿದರೆ ಮಾಯ. ಹದಿನೇಳು ದಿನ ಹುಡುಕಿ ಹಿಡಿದಾಗ ಗೊತ್ತಾಯಿತು, ಬರೆದವನು ನಾನೇ.

ಇದು ನನ್ನೊಬ್ಬನ ದಡ್ಡತನವೇನೂ ಅಲ್ಲ. ತನ್ನ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಯವೇ ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. ಆಂಡ್ರಾಯ್ಡ್‌ನಲ್ಲಿ ಅದೇ ವರ್ಷ ಈ ಪಾಲು 76% ಇತ್ತು, 2024ಕ್ಕೆ 24%ಕ್ಕೆ ಇಳಿಯಿತು. ನನಗೆ ಇಷ್ಟವಾಗಿದ್ದು ಇಳಿಸಿದ ರೀತಿ. ಹಳೆ ಕೋಡನ್ನೆಲ್ಲ ಕೆಡವಿ ಕಟ್ಟಲಿಲ್ಲ. ಹೊಸದನ್ನು ರಸ್ಟ್‌ನಂಥ ಭಾಷೆಗಳಲ್ಲಿ ಬರೆಯುತ್ತಾ ಹೋದರು, ಹಳೆಯದರ ಬಗ್‌ಗಳು ಒಂದೊಂದೇ ಸಿಕ್ಕಿ ಕಮ್ಮಿಯಾದವು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕೂಡ 2022ರ ಡಿಸೆಂಬರ್‌ನಲ್ಲಿ, 6.1ನೇ ಆವೃತ್ತಿಯಿಂದ, ರಸ್ಟ್‌ಗೆ ಬಾಗಿಲು ತೆರೆಯಿತು.

ಈಗ ಎಐ ಕೋಡ್ ಬರೆಯುತ್ತೆ, ಇನ್ನು ಭಾಷೆ ಯಾವುದಾದರೇನು ಅನ್ನೋರು ಜಾಸ್ತಿಯಾಗಿದ್ದಾರೆ. ನನಗೆ ಇದಕ್ಕೆ ಉಲ್ಟಾ ಅನ್ನಿಸುತ್ತದೆ. ಎಐ ಬರೆದ ಕೋಡ್ ನೋಡೋಕೆ ಅಚ್ಚುಕಟ್ಟು, ತಪ್ಪೂ ಅಚ್ಚುಕಟ್ಟಾಗಿಯೇ ಇರುತ್ತದೆ. ಐನೂರು ಸಾಲು ಓದುವಷ್ಟರಲ್ಲಿ ನನ್ನ ಕಣ್ಣು ಸೋಲುತ್ತದೆ, ಕಂಪೈಲರ್ ಸೋಲಲ್ಲ. ವೆಬ್ ಕಡೆಯೂ ಗಾಳಿ ಹೀಗೇ ಬೀಸುತ್ತಿದೆ. 2025ರ ಆಗಸ್ಟ್‌ನಲ್ಲಿ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ, ಬಳಸುವವರ ಸಂಖ್ಯೆಯಲ್ಲಿ ಪೈಥಾನ್, ಜಾವಾಸ್ಕ್ರಿಪ್ಟ್ ಎರಡನ್ನೂ ಹಿಂದೆ ಹಾಕಿದ್ದು ಟೈಪ್‌ಸ್ಕ್ರಿಪ್ಟ್, ಅಂದರೆ ಓಡಿಸುವ ಮೊದಲೇ ತಪ್ಪು ಹಿಡಿಯುವ ಹಾಗೆ ಜಾವಾಸ್ಕ್ರಿಪ್ಟ್‌ಗೇ ಲಗಾಮು ಹಾಕಿದ ಭಾಷೆ.

ರಸ್ಟ್ ಎಲ್ಲ ತಪ್ಪನ್ನೂ ಹಿಡಿಯುತ್ತದೆ ಅಂತಲ್ಲ. ಬಡ್ಡಿ ಲೆಕ್ಕದ ಸೂತ್ರವೇ ತಪ್ಪಿದ್ದರೆ ಅದಕ್ಕೇನು ಗೊತ್ತಾಗುತ್ತೆ? ದೊಡ್ಡ ಪ್ರಾಜೆಕ್ಟ್ ಕಂಪೈಲ್ ಆಗುವಷ್ಟರಲ್ಲಿ ಕೆಳಗೆ ಹೋಗಿ ಕಾಫಿ ಕುಡಿದು ಬರಬಹುದು, ಅದೂ ನಿಜ.

ಮೊನ್ನೆ ಎಐ ಕೊಟ್ಟ ಕೋಡನ್ನು ಕಂಪೈಲರ್ ವಾಪಸ್ ಕಳಿಸಿತು. ಎಐ ಏನು ಮಾಡಿತು ಗೊತ್ತಾ? ಸಿಕ್ಕ ಕಡೆಯೆಲ್ಲ ಕ್ಲೋನ್ ಹಾಕಿ ಪಾಸಾಯಿತು. ಕೈಗಡದ ಜಗಳವೇ ಬೇಡ, ಎಲ್ಲರಿಗೂ ಒಂದೊಂದು ಜೆರಾಕ್ಸ್ ಅನ್ನೋ ಹಾಗೆ. ಅದನ್ನೆಲ್ಲ ಬಿಡಿಸೋಕೆ ನನ್ನ ಶುಕ್ರವಾರ ಮಧ್ಯಾಹ್ನ ಪೂರ್ತಿ ಹೋಯಿತು. ಮೊದಲ ತಿಂಗಳು ನಾನೂ ಅದನ್ನೇ ಮಾಡಿದ್ದೆ, ಅದು ಬೇರೆ ಮಾತು.