ಶಿಷ್ಯ ಬರೆದ ಕಾಗದವೂ ಬೇಕು

ನಮ್ಮ ಶಿರಸಿ, ಯಲ್ಲಾಪುರ, ಹೊನ್ನಾವರದ ಕಡೆ ಎಷ್ಟೋ ಹಳೇ ಮನೆಗಳಲ್ಲಿ ಗುರುಗಳ ಕಾಗದಗಳನ್ನು ಜತನವಾಗಿ ಇಟ್ಟಿರುತ್ತಾರೆ. ಧಾರವಾಡದಲ್ಲಿ ಕಲಿಸಿದ ಪ್ರೊಫೆಸರರದ್ದು, ಸಂಸ್ಕೃತ ಪಾಠ ಹೇಳಿದ ಶಾಸ್ತ್ರಿಗಳದ್ದು. ಆದರೆ ಶಿಷ್ಯ ಏನು ಕೇಳಿದ್ದ ಅಂತ ಹುಡುಕಿದರೆ ಸಿಗುವುದಿಲ್ಲ. ಅವನ ಕಾಗದ ಗುರುಗಳ ಮನೆಯ ಜಗಲಿಯಲ್ಲಿ ತಂತಿಗೆ ಚುಚ್ಚಿಕೊಂಡು ವರ್ಷಗಟ್ಟಲೆ ನೇತಾಡಿ, ತಂತಿ ತುಂಬಿದ ಮೇಲೆ ಬಚ್ಚಲ ಒಲೆಗೆ ಹೋಗಿರುತ್ತದೆ. ಉತ್ತರ ಇದೆ, ಪ್ರಶ್ನೆ ಇಲ್ಲ. ನನಗೆ ಇದು ತುಂಬಾ ಬೇಜಾರಿನ ಸಂಗತಿ.

ನಾನಿರುವ ಪುಣೆಯಲ್ಲಿ ಹಳೇ ಕಾಗದದ ಮೇಲಿನ ಆಸ್ಥೆಯೇ ಬೇರೆ. ಇತಿಹಾಸ ಸಂಶೋಧಕ ವಿ. ಕಾ. ರಾಜವಾಡೆ ಊರೂರು ಅಲೆದು, ಮನೆಮನೆಯ ದಫ್ತರ ಬಿಚ್ಚಿಸಿ, ಮರಾಠರ ಇತಿಹಾಸದ ಸಾಧನಗಳನ್ನು 22 ಸಂಪುಟಗಳಲ್ಲಿ ಹೊರತಂದರು. 1910ರಲ್ಲಿ ಇಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನೂ ಕಟ್ಟಿದರು. ದೊಡ್ಡವರು ಬರೆದದ್ದಷ್ಟೇ ಅಲ್ಲ, ದೊಡ್ಡವರಿಗೆ ಬಂದದ್ದೂ ಬೇಕು. ಈ ಅಭ್ಯಾಸ ನಮಗೂ ಬರಬೇಕು.

ಯಾಕೆ ಅಂದರೆ ಗಣಿತಜ್ಞ ರಾಮಾನುಜನ್ ಅವರನ್ನೇ ನೋಡಿ. 1913ರ ಜನವರಿ 16ರಂದು ಮದ್ರಾಸ್ ಬಂದರಿನಲ್ಲಿ ಗುಮಾಸ್ತರಾಗಿದ್ದ ಅವರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ತಮ್ಮ ಸೂತ್ರಗಳ ಕಾಗದ ಬರೆದರು. ಹಾರ್ಡಿ ಅವನ್ನು ಸಾಧಿಸಿ ತೋರಿಸಿ ಎಂದು ಕೇಳಿದರು. ಅದಕ್ಕೆ ರಾಮಾನುಜನ್ ಫೆಬ್ರವರಿಯಲ್ಲಿ ಬರೆದ ಉತ್ತರ ಎಂಥದ್ದು ಗೊತ್ತಾ? 1, 2, 3 ಎಂದು ಕೊನೆಯಿಲ್ಲದೆ ಕೂಡುತ್ತಾ ಹೋದರೆ ನನ್ನ ಸಿದ್ಧಾಂತದಲ್ಲಿ ಮೈನಸ್ 1/12 ಬರುತ್ತದೆ, ಇದನ್ನು ಹೇಳಿದರೆ ನೀವು ನನಗೆ ಹುಚ್ಚಾಸ್ಪತ್ರೆಯ ದಾರಿ ತೋರಿಸುತ್ತೀರಿ ಎನ್ನುತ್ತಾರೆ, ಅದೇ ಕಾಗದದಲ್ಲಿ ತಾನು ಅರೆಹೊಟ್ಟೆಯಲ್ಲಿದ್ದೇನೆ, ಮಿದುಳು ಉಳಿಯಬೇಕಾದರೆ ಅನ್ನ ಬೇಕು ಅಂತಲೂ ಬರೆಯುತ್ತಾರೆ. ಹಾರ್ಡಿಯ ಕಾಗದ ಮಾತ್ರ ಉಳಿದಿದ್ದರೆ ಈ ಧೈರ್ಯ, ಈ ಹಸಿವು ಎರಡೂ ನಮಗೆ ಗೊತ್ತಾಗುತ್ತಿರಲಿಲ್ಲ. 1920ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕೊನೆಯ ಕಾಗದದಲ್ಲಂತೂ ಮಾಕ್ ಥೀಟಾ ಫಂಕ್ಷನ್ ಎಂದು ಅವರೇ ಹೆಸರಿಟ್ಟ ಹೊಸ ಗಣಿತವೇ ಇತ್ತು. ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಆ ಗಣಿತದ ಮೇಲೆ ಇವತ್ತಿಗೂ ಕೆಲಸ ನಡೆಯುತ್ತಿದೆ.

ನಮ್ಮ ಕಡೆಯ ಕಲಿಕೆ ಹೆಚ್ಚಾಗಿ ಗುರುವಿನ ಎದುರೇ ಕೂತು ಆದದ್ದು. ಸೋದೆಯ ಜೈನಮಠದ ಭಟ್ಟಾಕಳಂಕ ಗುರುವಿನ ಬಳಿ ಕಲಿತು 1604ರಲ್ಲಿ ಕನ್ನಡಕ್ಕೆ 592 ಸೂತ್ರಗಳ ವ್ಯಾಕರಣ ಬರೆದ. ಗುಣವಂತೆಯ ಕೆರೆಮನೆಯಲ್ಲಿ ಯಕ್ಷಗಾನ ಕಲಿಯುವ ಹುಡುಗನಿಗೂ ಕಾಗದದ ಹಂಗಿಲ್ಲ, ಹೆಜ್ಜೆಯನ್ನು ಕಾಗದದಲ್ಲಿ ಕಲಿಸಲು ಆಗುವುದೂ ಇಲ್ಲ. ಈ ದಾರಿ ದೊಡ್ಡದು, ಒಪ್ಪುತ್ತೇನೆ. ಆದರೆ ಮಾಸ್ತರ ಎದುರು ತಲೆ ಎತ್ತದ ಹುಡುಗ ಮನೆಗೆ ಹೋಗಿ ಚಿಮಣಿ ಬೆಳಕಿನಲ್ಲಿ "ತಾವು ಹೇಳಿದ ಅರ್ಥ ನನಗೆ ಸರಿ ಕಾಣಲಿಲ್ಲ" ಎಂದು ಬರೆಯಬಲ್ಲ, ಅಲ್ವಾ? ಮೇಲೆ ಸಾಷ್ಟಾಂಗ ನಮಸ್ಕಾರ ಇರುತ್ತದೆ, ಕೆಳಗೆ ತಕರಾರು ಇರುತ್ತದೆ. ಅಂಥ ಕಾಗದವೇ ನನಗೆ ಜಾಸ್ತಿ ಬೆಲೆಯದ್ದು. ಈಗಿನ ಸಂಶೋಧಕರು ಗೈಡ್ ಜೊತೆ ವಾಟ್ಸ್ಯಾಪಿನಲ್ಲಿ ಮಾತಾಡುತ್ತಾರೆ, ಫೋನ್ ಬದಲಾದರೆ ಅದೂ ಹೋಯಿತು.

ಊರಿನಲ್ಲಿ ನಿವೃತ್ತ ಮಾಸ್ತರರು, ಪ್ರೊಫೆಸರರು ಇರುವ ಮನೆಯವರಿಗೆ ನನ್ನದೊಂದು ವಿನಂತಿ. ಅಟ್ಟ ಸ್ವಚ್ಛ ಮಾಡುವಾಗ ಅವರಿಗೆ ಬಂದ ಕಾಗದಗಳನ್ನು ಬೇರೆ ತೆಗೆದಿಡಿ, ಮಳೆಗಾಲಕ್ಕೆ ಮೊದಲೇ ಫೋಟೋ ತೆಗೆಸಿ, ಬರೆದವರು ಯಾರೆಂದು ಮಾಸ್ತರರನ್ನು ಈಗಲೇ ಕೇಳಿ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬರೆದವರ ಮನೆ ಗೊತ್ತಿದ್ದರೆ ಅಲ್ಲಿರುವ ಉತ್ತರಗಳ ನಕಲನ್ನೂ ತರಿಸಿಕೊಂಡು ಒಂದೇ ಕಟ್ಟಿನಲ್ಲಿ ಇಡಿ.