ಲಂಡನ್‌ಗೆ ಬರೀ ನಾಲ್ಕೂವರೆ ಗಂಟೆ!

ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೊರಟ, ಮುಂಬೈ ಪಕ್ಕದ ಡೊಂಬಿವಲಿಯ ಅಮ್ಮನ ಟಿಕೆಟ್ಟನ್ನು ಅಮ್ಮನಿಗಿಂತ ಮೊದಲು ಓದುವವರು ಪಕ್ಕದ ಮನೆಯವರು. "ಮಧ್ಯಾಹ್ನ ಎರಡಕ್ಕೆ ಬಿಟ್ಟು ಸಂಜೆ ಆರೂವರೆಗೆ ಇಳಿಸ್ತದಂತೆ ಮಾರಾಯ್ರೆ! ಅಷ್ಟೊತ್ತಿಗೆ ನಮ್ಮ ಮತ್ಸ್ಯಗಂಧ ರೈಲು ರತ್ನಾಗಿರಿಯನ್ನೂ ಮುಟ್ಟಿರುವುದಿಲ್ಲ."

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಮುಂಬೈ ಗಡಿಯಾರದ್ದು, ಇಳಿಯುವ ಹೊತ್ತು ಲಂಡನ್ನಿನದು. ಚಳಿಗಾಲದಲ್ಲಿ ಅಲ್ಲಿಯದು ನಮಗಿಂತ ಐದೂವರೆ ಗಂಟೆ ಹಿಂದೆ. ಅದನ್ನೂ ಕೂಡಿಸಿದರೆ ಪ್ರಯಾಣ ಹತ್ತು ಗಂಟೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಂತರ ನಾಲ್ಕೂವರೆ ಮಾತ್ರ. ಮೊಮ್ಮಗುವನ್ನು ನೋಡಲು ವೀಡಿಯೊ ಕಾಲ್ ಮಾಡುವ ಅಜ್ಜಂದಿರು ವರ್ಷಕ್ಕೆ ಎರಡು ಸಲ ತಪ್ಪು ಹೊತ್ತಿಗೆ ಮಗಳನ್ನು ಎಬ್ಬಿಸುವುದು ಇದರಿಂದಲೇ.

ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಕಟ್ಟಡಕ್ಕೊಬ್ಬರಂತೆ ಇರುತ್ತಾರಲ್ಲ, ಅವರ ಲೆಕ್ಕ ಬೇರೆ. 7,200 ಕಿ.ಮೀ., ಗಂಟೆಗೆ 900ರ ವೇಗ, ಅಂದರೆ ಎಂಟೇ ಗಂಟೆ. "ಉಳಿದ ಎರಡು ಗಂಟೆ ಎಲ್ಲಿ ನಿಲ್ಲಿಸ್ತಾರೆ, ಚಹಾಕ್ಕಾ?" ಆ 7,200 ಎಂಬುದು ಭೂಗೋಳದ ಮೇಲೆ ದಾರ ಬಿಗಿದು ಅಳೆದ ದೂರ. ವಿಮಾನಕ್ಕೋ ಹಾರಾಟಕ್ಕೆ ಮುಚ್ಚಿದ ದೇಶಗಳ ಆಕಾಶ, ಕೆಟ್ಟ ಹವೆ ಎಲ್ಲವನ್ನೂ ಬಳಸಿ ಹೋಗಬೇಕು. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರುಗಾಳಿ ಹೋಗುವಾಗ ಎದೆಗೆ ಬಡಿಯುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. ಸಾಲದ್ದಕ್ಕೆ ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಕತ್ತರಿಸುತ್ತವೆ. ಸಾಮಾನ್ಯವಾಗಿ ಒಂದೇ ನಡೆಯುತ್ತದೆ, ಅದಕ್ಕೆ ಡೊಂಬಿವಲಿ ಸ್ಟೇಷನ್ನಿನ ರಿಕ್ಷಾ ಕ್ಯೂ. ಆ ಕ್ಯೂ ಕೂಡ ಪ್ರಯಾಣದ ಸಮಯಕ್ಕೇ ಜಮಾ.

ನಿಜವಾದ ಅನಾಹುತ ನಡುರಾತ್ರಿಯ ವಿಮಾನದ್ದು. 15ನೇ ತಾರೀಕು 00.40 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ಸಂಜೆ. 15ರ ರಾತ್ರಿ ದೇವರಿಗೆ ದೀಪ ಹಚ್ಚಿ ಹೊರಟರೆ ವಿಮಾನ ಆಗಲೇ ಲಂಡನ್ ಸೇರಿ ಅರ್ಧ ದಿನ ಕಳೆದಿರುತ್ತದೆ. ಮೂರು ಗಂಟೆ ಮುಂಚೆ, ಅಂದರೆ ರಾತ್ರಿ 9.40ಕ್ಕೆ ಸಹಾರ್ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಟಿ2ನಲ್ಲಿರಬೇಕು. ಡೊಂಬಿವಲಿಯಿಂದ ಎರಡು ಗಂಟೆ ಹಿಡಿಯಿರಿ. ಸಂಜೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣದ ಕಡೆಗಿನ ಲೋಕಲ್‌ನಲ್ಲಿ ಕಾಲಿಡಲು ಜಾಗವೇನೋ ಸಿಗುತ್ತದೆ. ಮೆಟ್ರೊ ಹಿಡಿಯಲು ಇಳಿಯುವ ಘಾಟ್ಕೋಪರ್‌ನ ಸೇತುವೆಯ ಮೇಲೆ ಮನೆಗೆ ಓಡುವ ಜನಸಾಗರಕ್ಕೆ ಎದುರಾಗಿ 23 ಕೆ.ಜಿ.ಯ ಎರಡು ಬ್ಯಾಗ್ ಎಳೆಯುವುದು ಮಾತ್ರ ಶತ್ರುವಿಗೂ ಬೇಡ. ಟ್ಯಾಕ್ಸಿಯೇ ಮೇಲು.

ಬಾಣಂತಿ ಲೇಹದ ಡಬ್ಬಿ ಕೈಚೀಲದಲ್ಲಿ ಬೇಡ, 100 ಮಿ.ಲೀ. ನಿಯಮ ಅದಕ್ಕೂ ಅನ್ವಯ. ದೊಡ್ಡ ಬ್ಯಾಗಿನಲ್ಲಿ ಕೊಬ್ಬರಿ ಬಟ್ಟಲು ಬೇಡ. ಎಣ್ಣೆಯಂಶಕ್ಕೆ ಬೆಂಕಿ ಹಿಡಿದೀತೆಂದು ತೆಗೆಸುತ್ತಾರೆ.

ಇನ್ನು ವಾಪಸಿನ ಟಿಕೆಟ್. ರಾತ್ರಿ ಒಂಬತ್ತಕ್ಕೆ ಬಿಟ್ಟು ಮರುದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ ಮುಂಬೈ. ಗಾಳಿಯ ದಯೆಯಿಂದ ಎಂಟೂಮುಕ್ಕಾಲು ಗಂಟೆಯ ಹಾರಾಟ. ಪಕ್ಕದ ಮನೆಯವರು ಬೆರಳು ಮಡಚಿ ಎಣಿಸುತ್ತಾರೆ: "ಹದಿನಾಲ್ಕು ಗಂಟೆ! ಬರುವಾಗ ಸುತ್ತುಬಳಸಿನ ದಾರಿ ಇರಬೇಕು, ಪಾಪ."