ಆಶೀರ್ವಾದವೇ ಉಡುಗೊರೆ, ಸ್ಕ್ಯಾನ್ ಮಾಡಿ

ಕಳೆದ ತಿಂಗಳು ಬಂದ ಲಗ್ನಪತ್ರಿಕೆಯಲ್ಲಿ ಎಂದಿನಂತೆ ಕೊನೆಯ ಸಾಲು, 'ನಿಮ್ಮ ಆಶೀರ್ವಾದವೇ ಉಡುಗೊರೆ'. ಅದರ ಕೆಳಗೆ, ಮೇಲಿದ್ದ ಗಣಪತಿಗಿಂತ ಸ್ವಲ್ಪ ದೊಡ್ಡದಾಗಿ, ಒಂದು ಕ್ಯೂಆರ್ ಕೋಡ್. ಛತ್ರದ ದಾರಿ ತೋರಿಸೋಕೆ ಇರಬೇಕು ಅಂತ ಸ್ಕ್ಯಾನ್ ಮಾಡಿದೆ. ಹುಡುಗನ ಅಪ್ಪನ ಹೆಸರು ಬಂತು, ಕೆಳಗೆ 'ಮೊತ್ತ ನಮೂದಿಸಿ'. ಆಶೀರ್ವಾದ ಎಷ್ಟು ಅಂತ ನಮೂದಿಸೋದು ಸ್ವಾಮಿ?

ದುಡ್ಡು ಕೇಳಿದರು ಅಂತ ನನಗೆ ಸಿಟ್ಟಿಲ್ಲ. ಬೇಡ ಅನ್ನೋದನ್ನೂ ಕೊಡಿ ಅನ್ನೋದನ್ನೂ ಒಂದೇ ಕಾರ್ಡಿನಲ್ಲಿ ಅಚ್ಚು ಹಾಕಿಸಿದರಲ್ಲ, ಅದಕ್ಕೆ. ಹಳ್ಳಿ ಮದುವೆಗಳಲ್ಲಿ ಈ ನಾಟಕ ಇರಲಿಲ್ಲ. ಚಪ್ಪರದ ಮೂಲೆಯಲ್ಲಿ ಒಂದು ಟೇಬಲ್ಲು, ಒಂದು ನೋಟ್‌ಬುಕ್ಕು, ದುಂಡಗೆ ಬರೆಯುವ ಒಬ್ಬ ಮೇಷ್ಟ್ರು. ಮುಯ್ಯಿ ಕೊಟ್ಟವರ ಹೆಸರು, ಊರು, ಮೊತ್ತ ಬರೆದುಕೊಂಡು ಮೈಕಿನಲ್ಲಿ ಕೂಗುತ್ತಿದ್ದರು, ಹನ್ನೊಂದು ರೂಪಾಯಿ ಕೊಟ್ಟವನದ್ದೂ ಸೇರಿ. ಇದು ಬಡ್ಡಿಯಿಲ್ಲದ ಸಾಲ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಭಾಷೆಗೂ ಗೊತ್ತು. ಮುಯ್ಯಿ ಅಂದರೆ ಉಡುಗೊರೆ, ಮುಯ್ಯಿ ಅಂದರೆ ಸೇಡು. 'ನಿನ್ನ ಮುಯ್ಯಿ ತೀರಿಸ್ತೀನಿ' ಅಂತ ಯಾರಾದರೂ ಹೇಳಿದರೆ ಮುಖ ನೋಡಿಯೇ ಯಾವುದು ಅಂತ ತಿಳಿದುಕೊಳ್ಳಬೇಕು.

ನಮ್ಮನೆಯ ಮುಯ್ಯಿ ಪುಸ್ತಕ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. ಪತ್ರಿಕೆ ಬಂದ ರಾತ್ರಿಯೇ ಹೆಂಡತಿ ಅದನ್ನು ತೆಗೆದಳು. 1998, ನಮ್ಮ ಮದುವೆ, ಹುಡುಗನ ಅಪ್ಪನ ಹೆಸರಿನ ಮುಂದೆ '51 ರೂ.'. ಪಕ್ಕದಲ್ಲಿ ನಮ್ಮಮ್ಮನ ಅಕ್ಷರದಲ್ಲಿ, 'ಆರು ಜನ ಬಂದಿದ್ದರು'.

'ಆಗಿನ ಐವತ್ತೊಂದು ಈಗ ಎಷ್ಟಾಗುತ್ತೆ ರೀ?' ಅಂದಳು. ನಾನು ಚಿನ್ನದ ರೇಟಿನಲ್ಲಿ ಲೆಕ್ಕ ಹಾಕಿದೆ, ಅವಳು ತೆಂಗಿನಕಾಯಿ ರೇಟಿನಲ್ಲಿ ಹಾಕಿದಳು. ಅರ್ಧ ಗಂಟೆ ಜಗಳವಾಗಿ 501ಕ್ಕೆ ರಾಜಿಯಾಯಿತು.

ಇದರಲ್ಲೊಂದು ತಮಾಷೆ ಇದೆ. ಮದುವೆಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಸರಿ. ಆದರೆ ಆ ವಿನಾಯಿತಿ ಮದುವೆಯಾಗುವವರಿಗೆ, ಅವರ ಅಪ್ಪನಿಗಲ್ಲ. ಸಂಬಂಧಿಕರಲ್ಲದ ನನ್ನಂಥವರಿಂದ ವರ್ಷಕ್ಕೆ 50,000 ದಾಟಿ ಅಪ್ಪನ ಖಾತೆಗೆ ಬಂದರೆ ಪೂರ್ತಿ ಮೊತ್ತಕ್ಕೆ ತೆರಿಗೆ. ಇದನ್ನು ಆ ಮನುಷ್ಯನಿಗೆ ಹೇಳೋಣ ಅಂದುಕೊಂಡೆ, 'ಆರು ಜನ' ನೆನಪಾಗಿ ಸುಮ್ಮನಾದೆ.

ಮೊದಲಿನ ಕವರ್‌ನಲ್ಲಿ ಒಂದು ಅನುಕೂಲ ಇತ್ತು, ಒಳಗೆ ಎಷ್ಟಿದೆ ಅಂತ ಮನೆಗೆ ಹೋಗಿ ಒಡೆಯುವವರೆಗೂ ಗೊತ್ತಾಗುತ್ತಿರಲಿಲ್ಲ. ಮೇಲೆ ಅಂಟಿಸಿದ ಒಂದು ರೂಪಾಯಿ ನಾಣ್ಯವೇ ಒಳಗಿನ ನೋಟಿಗಿಂತ ಜಾಸ್ತಿ ತೂಗುತ್ತಿತ್ತು. ಹುಡುಗ ಅದನ್ನು ತಗೊಂಡು ತಿರುಗಿಯೂ ನೋಡದೆ ಹಿಂದಕ್ಕೆ ಚಾಚುತ್ತಿದ್ದ, ಅಲ್ಲಿ ಅವನ ಸೋದರಮಾವ ಬ್ಯಾಗು ಅವುಚಿಕೊಂಡು ನಿಂತಿರುತ್ತಿದ್ದ, ಇಡೀ ಛತ್ರದಲ್ಲಿ ಊಟಕ್ಕೆ ಏಳದವನು ಅವನೊಬ್ಬನೇ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ನಮ್ಮ ಕಡೆಯ ಒಂದು ಮದುವೆಯಲ್ಲಿ ಕವರ್‌ಗಳು ಎಂದೂ ಇಲ್ಲದಷ್ಟು ದಪ್ಪ ಬಂದವು. ಒಡೆದರೆ ಎಲ್ಲಾ ಹಳೇ ಐನೂರು.

ಆರತಕ್ಷತೆಗೆ ಹೋದೆವು. ಸಾಲಿನಲ್ಲಿ ನಲವತ್ತು ನಿಮಿಷ ನಿಂತು ವೇದಿಕೆ ಹತ್ತಿದರೆ ನನ್ನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದೆ. 'ಸರ್, ಮೊಬೈಲ್ ಕೆಳಗಿಡಿ, ಈ ಕಡೆ ನೋಡಿ' ಅಂದ ಫೋಟೋದವನು. 'ಹೋಯ್ತಾ ಅಂಕಲ್?' ಅಂದ ಮದುಮಗ. ತರಕಾರಿ ಅಂಗಡಿಯಲ್ಲಿರುವ ಸೌಂಡ್ ಬಾಕ್ಸ್ ಒಂದನ್ನು ಅಲ್ಲೇ ಇಟ್ಟಿದ್ದರೆ ಅನುಮಾನವೇ ಇರುತ್ತಿರಲಿಲ್ಲ, 'ಐನೂರ ಒಂದು ರೂಪಾಯಿ ಬಂದಿದೆ' ಅಂತ ಊಟದ ಹಾಲ್‌ವರೆಗೂ ಕೇಳುತ್ತಿತ್ತು, ಹಳೇ ಮೈಕು ವಾಪಸ್ ಬಂದ ಹಾಗೆ.

ದುಡ್ಡು ಹೋಯಿತು. ಮನೆಗೆ ಬಂದು ಸೀರೆ ಬದಲಾಯಿಸುವ ಮೊದಲೇ ಹೆಂಡತಿ ಪುಸ್ತಕ ತೆಗೆದು ಬರೆದಳು: '501. ನಾವು ಇಬ್ಬರೇ. ಹೋಳಿಗೆ ಸಿಗಲಿಲ್ಲ.'